ಇಡಿಬಿ ಚಯಾಪಚಯ: ಗ್ಲುಟಾಥಯೋನೇ ವಿಷಕ್ಕೆ ಮೊನೆ ಕೊಟ್ಟಾಗ

ಎಥಿಲೀನ್ ಡೈಬ್ರೋಮೈಡ್ (ಇಡಿಬಿ) ಬೇರುಗಂಟು ಜಂತುಹುಳುಗಳನ್ನು ಕೊಲ್ಲಲು ಮಣ್ಣಿಗೆ ಹಾಕುತ್ತಿದ್ದ ಧೂಮಕ, ಅಂದರೆ ಆವಿಯಾಗಿ ಹರಡಿ ಕೀಟ ಕೊಲ್ಲುವ ವಿಷ. ಅಮೆರಿಕದಲ್ಲಿ ಈ ಬಳಕೆ 1983ರಲ್ಲಿ ನಿಂತಿತು. ಭಾರತದಲ್ಲಿ ಕಾಳಿನ ಡಬ್ಬಕ್ಕೆ ಇಡುವ ಆಂಪ್ಯೂಲ್‌ಗಳಾಗಿಯೂ ಬರುತ್ತಿತ್ತು, 2001ರಲ್ಲಿ ನಿಷೇಧವಾಯಿತು. ಎರಡು ಕಾರ್ಬನ್, ಪ್ರತಿಯೊಂದಕ್ಕೂ ಒಂದು ಬ್ರೋಮಿನ್, ಎರಡು ಹೈಡ್ರೋಜನ್, ಅಷ್ಟೇ ಇದರ ರಚನೆ. ಆ ಎರಡನೇ ಬ್ರೋಮಿನ್ ಮೇಲೆ ಕಣ್ಣಿಡಿ.

ಶ್ವಾಸಕೋಶ, ಕರುಳು, ಚರ್ಮ ಮೂರರಿಂದಲೂ ಇದು ಒಳಸೇರುತ್ತದೆ. ನಂತರ ಎರಡು ದಾರಿ.

ಮೊದಲನೆಯದು ಉತ್ಕರ್ಷಣ. ಯಕೃತ್ತಿನ ಸಿವೈಪಿ2ಇ1 ಕಿಣ್ವ ಒಂದು ಕಾರ್ಬನ್‌ಗೆ ಆಮ್ಲಜನಕ ಸೇರಿಸುತ್ತದೆ. ಹಾಗೆ ಆದದ್ದು ಅಸ್ಥಿರ, ಹೈಡ್ರೋಜನ್ ಬ್ರೋಮೈಡ್ ಕಳಚಿಕೊಂಡು 2-ಬ್ರೋಮೋಅಸಿಟಾಲ್ಡಿಹೈಡ್ ಆಗುತ್ತದೆ. ಇದು ಪ್ರೋಟೀನ್‌ಗಳಿಗೆ ಅಂಟಿಕೊಂಡು ಯಕೃತ್ತಿನ ಜೀವಕೋಶಗಳನ್ನು ಕೊಲ್ಲುತ್ತದೆ. ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಅದನ್ನು ಬ್ರೋಮೋಅಸಿಟಿಕ್ ಆಮ್ಲ ಮಾಡುತ್ತದೆ, ಇಲ್ಲವೇ ಗ್ಲುಟಾಥಯೋನ್ (ಗ್ಲುಟಮೇಟ್, ಸಿಸ್ಟೀನ್, ಗ್ಲೈಸಿನ್ ಸೇರಿದ, ಗಂಧಕವುಳ್ಳ ಸಣ್ಣ ಅಣು, ಜೀವಕೋಶದ ರಕ್ಷಕ) ಅದನ್ನು ಹಿಡಿಯುತ್ತದೆ.

ಎರಡನೆಯ ದಾರಿಯಲ್ಲಿ ಗ್ಲುಟಾಥಯೋನ್ ಟ್ರಾನ್ಸ್‌ಫರೇಸ್ ಕಿಣ್ವ ನೇರವಾಗಿ ಇಡಿಬಿಗೇ ಗ್ಲುಟಾಥಯೋನ್ ಜೋಡಿಸುತ್ತದೆ. ಒಂದು ಬ್ರೋಮಿನ್ ಹೋಯಿತು, ಇನ್ನೊಂದು ಉಳಿಯಿತು. ಗ್ಲುಟಾಥಯೋನ್‌ನ ಗಂಧಕ ಪಕ್ಕದ ಕಾರ್ಬನ್‌ನತ್ತ ಬಾಗಿ ಆ ಉಳಿದ ಬ್ರೋಮಿನನ್ನೂ ಹೊರದಬ್ಬಿ, ಧನಾವೇಶದ ಮೂರು ಮೂಲೆಯ ಉಂಗುರ ಕಟ್ಟುತ್ತದೆ: ಎಪಿಸಲ್ಫೋನಿಯಂ ಅಯಾನು. ಸಾಸಿವೆ ಅನಿಲ ಕಟ್ಟುವುದೂ ಇಂಥದೇ ಉಂಗುರ. ನೀರು ಸಿಕ್ಕರೆ ಅದು ತೆರೆದುಕೊಂಡು ಅಪಾಯ ಕಳೆಯುತ್ತದೆ. ಡಿಎನ್‌ಎ ಸಿಕ್ಕರೆ ಅದರ ನಾಲ್ಕು ಅಕ್ಷರಗಳಲ್ಲೊಂದಾದ ಗ್ವಾನಿನ್‌ನ 7ನೇ ಸಾರಜನಕಕ್ಕೆ ಅಂಟುತ್ತದೆ. ಅಂದರೆ ಡಿಎನ್‌ಎಗೆ ಕೊನೆಗೆ ತಗುಲಿಕೊಂಡಿರುವುದು ನಾವು ರಕ್ಷಕ ಎಂದು ಓದಿಕೊಂಡ ಗ್ಲುಟಾಥಯೋನೇ.

‘ಗ್ಲುಟಾಥಯೋನ್ ಜೋಡಣೆ ಎಂದರೆ ವಿಷಹರಣ’ ಎಂಬ ಸೂತ್ರ ಇಲ್ಲಿ ಮುರಿಯುತ್ತದೆ. ಇನ್ನೊಂದು ಧೂಮಕವಾದ ಮೀಥೈಲ್ ಬ್ರೋಮೈಡ್‌ನಲ್ಲಿ ಬ್ರೋಮಿನ್ ಒಂದೇ ಇರುವುದರಿಂದ ಜೋಡಣೆಯಾದ ಮೇಲೆ ಉಂಗುರ ಕಟ್ಟಲು ಏನೂ ಉಳಿಯುವುದಿಲ್ಲ. (ಅದು ವಿಷವೇ ಹೌದು, ಆದರೆ ಕಾರಣ ಬೇರೆ.)

ಯಾವ ದಾರಿಯಲ್ಲಿ ಎಷ್ಟು ಹೋಗುತ್ತದೆ? ಮೂತ್ರ ನೋಡಿ ಹೇಳೋಣ ಅಂದುಕೊಂಡರೆ ಎಡವುತ್ತೇವೆ. ಗ್ಲುಟಾಥಯೋನ್ ಜೋಡಣೆಯಿಂದ ಮೊದಲು ಗ್ಲುಟಮೇಟ್, ಆಮೇಲೆ ಗ್ಲೈಸಿನ್ ಕಳಚುತ್ತದೆ. ಉಳಿದ ಸಿಸ್ಟೀನ್‌ಗೆ ಅಸಿಟೈಲ್ ಸೇರಿ ಮರ್ಕ್ಯಾಪ್ಟ್ಯೂರಿಕ್ ಆಮ್ಲವಾಗಿ ಹೊರಬರುತ್ತದೆ. ಆದರೆ ಹೈಡ್ರಾಕ್ಸಿಎಥೈಲ್ ಮರ್ಕ್ಯಾಪ್ಟ್ಯೂರಿಕ್ ಆಮ್ಲ ಎರಡೂ ದಾರಿಗಳ ಕೊನೆಯಲ್ಲಿ ಸಿಗುತ್ತದೆ, ಏಕೆಂದರೆ ಗ್ಲುಟಾಥಯೋನ್ ಹಿಡಿದ ಆಲ್ಡಿಹೈಡ್ ಅಪಕರ್ಷಣಗೊಂಡು ಅದೇ ಆಗುತ್ತದೆ. ಸಾಲದ್ದಕ್ಕೆ ಎಥಿಲೀನ್ ಆಕ್ಸೈಡ್‌ನಿಂದಲೂ ಅದು ಬರುತ್ತದೆ. ಅದೊಂದನ್ನೇ ಇಡಿಬಿಯ ಗುರುತು ಎನ್ನಬಾರದು.

ಈ ಗಂಟನ್ನು ಬಿಡಿಸಿದ್ದು ಡ್ಯುಟೀರಿಯಂ, ಅಂದರೆ ಭಾರದ ಹೈಡ್ರೋಜನ್. ಇಡಿಬಿಯ ನಾಲ್ಕೂ ಹೈಡ್ರೋಜನ್‌ಗಳ ಜಾಗದಲ್ಲಿ ಡ್ಯುಟೀರಿಯಂ ಇಟ್ಟು ಇಲಿಗಳಿಗೆ ಕೊಟ್ಟರು. ನೇರ ಜೋಡಣೆಯಲ್ಲಿ ನಾಲ್ಕೂ ಉಳಿಯುತ್ತವೆ. ಆಲ್ಡಿಹೈಡ್ ದಾರಿಯಲ್ಲಿ ಒಂದು ಬಿದ್ದುಹೋಗುತ್ತದೆ. ಎಣಿಸಿದಾಗ ಸಿಕ್ಕ ಅಂದಾಜು: ಉತ್ಕರ್ಷಣ ನಾಲ್ಕು ಪಾಲು, ನೇರ ಜೋಡಣೆ ಒಂದು ಪಾಲು. ಡ್ಯುಟೀರಿಯಂ ಬಂಧ ಮುರಿಯುವುದು ಕಷ್ಟ, ಹಾಗಾಗಿ ಉತ್ಕರ್ಷಣ ನಿಧಾನವಾಗುತ್ತದೆ. ಹಾಗಿದ್ದೂ ಡಿಎನ್‌ಎ ಹಾನಿ ತಗ್ಗಲಿಲ್ಲ. ಸಣ್ಣ ಪಾಲೇ ದೊಡ್ಡ ಅಪರಾಧಿ ಎನ್ನಲು ಇದಕ್ಕಿಂತ ಅಂದವಾದ ಸಾಕ್ಷಿ ಬೇಕಿಲ್ಲ.

ಡೈಸಲ್ಫಿರಾಂ, ಅಂದರೆ ಕುಡಿತ ಬಿಡಿಸಲು ಕೊಡುವ ಮಾತ್ರೆ, ಪರೀಕ್ಷೆಯಲ್ಲಿ ಬರುವ ಪ್ರಶ್ನೆ. ಅದು ಆಲ್ಡಿಹೈಡ್ ಡಿಹೈಡ್ರೋಜಿನೇಸ್ ತಡೆಯುವುದರಿಂದ ಬ್ರೋಮೋಅಸಿಟಾಲ್ಡಿಹೈಡ್ ಶೇಖರವಾಗುತ್ತದೆ. ಸಿವೈಪಿ2ಇ1 ಅನ್ನೂ ತಡೆಯುವುದರಿಂದ ಉಳಿದ ಇಡಿಬಿ ಉಂಗುರದ ದಾರಿಗೆ ತಿರುಗುತ್ತದೆ. ಎರಡನ್ನೂ ಬರೆಯಿರಿ, ಮೊದಲನೆಯದನ್ನು ಮಾತ್ರ ಬರೆದರೆ ಉತ್ತರ ಅರ್ಧ. 20 ಪಿಪಿಎಂ ಇಡಿಬಿ ಉಸಿರಾಡಿದ ಇಲಿಗಳ ಆಹಾರಕ್ಕೆ ಡೈಸಲ್ಫಿರಾಂ ಬೆರೆಸಿದಾಗ ಸಾವೂ ಗಡ್ಡೆಗಳೂ ಹೆಚ್ಚಿದವು.

ಕಳಚಿದ ಬ್ರೋಮೈಡ್ ರಕ್ತದಲ್ಲಿ ಬಹಳ ದಿನ ನಿಲ್ಲುತ್ತದೆ, ಅರ್ಧಾಯು ಸುಮಾರು 12 ದಿನ. ಕ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಅದನ್ನು ಕ್ಲೋರೈಡ್ ಎಂದೇ ಓದಿಬಿಡಬಹುದು. ರೋಗಿಯ ವರದಿಯಲ್ಲಿ ಕ್ಲೋರೈಡ್ ವಿಪರೀತ ಏರಿ ಅಯಾನು ಅಂತರ (ಆನಯಾನ್ ಗ್ಯಾಪ್: ಸೋಡಿಯಂನಿಂದ ಕ್ಲೋರೈಡ್, ಬೈಕಾರ್ಬನೇಟ್ ಕಳೆದಾಗ ಉಳಿಯುವುದು) ಕುಗ್ಗಿದ್ದರೆ ಬ್ರೋಮೈಡ್ ಅಳೆಯಲು ಹೇಳಿ.