ರಾ ಮತ್ತು ಜೆಪೆಗ್: ತೀರ್ಮಾನ ಯಾರದು, ಯಾವಾಗ?

ಕ್ಯಾಮೆರಾ ತಾನು ಸೆರೆಹಿಡಿದದ್ದನ್ನು ಉಳಿಸುವ ಎರಡು ಬಗೆಯ ಕಡತಗಳು ರಾ (RAW) ಮತ್ತು ಜೆಪೆಗ್ (JPEG). ರಾ ಕಡತವೆಂದರೆ ‘ಹೆಚ್ಚು ಗುಣಮಟ್ಟದ ಫೋಟೊ’ ಎಂದು ಬರೆದುಕೊಂಡಿದ್ದರೆ ಅದನ್ನು ಹೊಡೆದುಹಾಕಿ. ರಾ ಇನ್ನೂ ಫೋಟೊ ಆಗಿರುವುದೇ ಇಲ್ಲ.

ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಚಿಪ್ ಆದ ಸೆನ್ಸರ್‌ನ ಒಂದೊಂದು ಬಿಂದುವಿಗೂ ತಿಳಿಯುವುದು ತನ್ನ ಮೇಲೆ ಎಷ್ಟು ಬೆಳಕು ಬಿತ್ತು ಎಂಬುದಷ್ಟೇ. ಬಣ್ಣ ಗೊತ್ತಾಗಲೆಂದು ಪ್ರತಿ ಬಿಂದುವಿನ ಮೇಲೂ ಒಂದು ಬಣ್ಣದ ಫಿಲ್ಟರ್ ಇರುತ್ತದೆ: ಅರ್ಧದಷ್ಟು ಬಿಂದುಗಳಿಗೆ ಹಸಿರು, ಕೆಂಪು ಮತ್ತು ನೀಲಿಗೆ ಕಾಲುಕಾಲು ಪಾಲು. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರ ಹೆಸರಿನಲ್ಲಿ 1976ರಲ್ಲಿ ಪೇಟೆಂಟ್ ಆದ ಈ ಜೋಡಣೆಯೇ ಇಂದಿಗೂ ಬಹುಪಾಲು ಕ್ಯಾಮೆರಾಗಳಲ್ಲಿದೆ. ಆ ಅಳತೆಗಳನ್ನು ಹೆಚ್ಚೇನೂ ತಿದ್ದದೆ ಬರೆದಿಟ್ಟರೆ ಅದು ರಾ. ಪ್ರತಿ ಬಿಂದುವಿನ ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಬಿಂದುಗಳಿಂದ ಲೆಕ್ಕಹಾಕಿ, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ತಿದ್ದುಪಡಿ), ಕಾಂಟ್ರಾಸ್ಟ್‌ಗಳನ್ನು ಕ್ಯಾಮೆರಾ ತಾನೇ ತೀರ್ಮಾನಿಸಿ, ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಕೈಬಿಟ್ಟು ಕುಗ್ಗಿಸಿದರೆ ಜೆಪೆಗ್. ಕೈಬಿಟ್ಟದ್ದು ಮರಳಿ ಸಿಗುವುದಿಲ್ಲ.

ಈಗ ಅಂಕಿಗಳು, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜೆಪೆಗ್ ಒಂದೊಂದು ಬಣ್ಣಕ್ಕೆ 8 ಬಿಟ್, ಅಂದರೆ 256 ಮಟ್ಟಗಳನ್ನು ಇಡುತ್ತದೆ. 14 ಬಿಟ್‌ನ ರಾ ಕಡತದಲ್ಲಿ 16,384 ಮಟ್ಟಗಳಿವೆ, ಆದರೆ ಅವು ಸಮನಾಗಿ ಹಂಚಿಹೋಗಿಲ್ಲ. ಸೆನ್ಸರ್‌ನ ಲೆಕ್ಕ ನೇರ: ಬೆಳಕು ಅರ್ಧವಾದರೆ ಅಂಕಿಯೂ ಅರ್ಧ. ಹೀಗೆ ಬೆಳಕು ಅರ್ಧವಾಗುವ ಒಂದೊಂದು ಹಂತವೇ ಒಂದು ‘ಸ್ಟಾಪ್’. ಹಾಗಾಗಿ ಅತ್ಯಂತ ಪ್ರಕಾಶದ ಮೊದಲ ಸ್ಟಾಪ್ ಒಂದೇ 8,192 ಮಟ್ಟಗಳನ್ನು ತೆಗೆದುಕೊಳ್ಳುತ್ತದೆ. ಮುಂದಿನದಕ್ಕೆ 4,096, ಆಮೇಲೆ 2,048, 1,024, 512. ಆರನೆಯ ಸ್ಟಾಪ್‌ಗೆ ಇಳಿದಾಗ 256 ಉಳಿಯುತ್ತವೆ. ಜೆಪೆಗ್‌ಗೆ ಕಪ್ಪಿನಿಂದ ಬಿಳಿಯವರೆಗೆ ಇರುವುದೇ ಅಷ್ಟು! ಕಿಟಕಿಗೆ ಬೆನ್ನು ಮಾಡಿ ಕುಳಿತವರ ಕಪ್ಪಾದ ಮುಖವನ್ನು ರಾ ಕಡತದಲ್ಲಿ ಬೆಳಗಿಸಿದಾಗ ಕೆನ್ನೆಯ ನೆರಳು ನಯವಾಗಿಯೇ ಉಳಿಯುವುದು ಇದರಿಂದ. ನಾಯ್ಸ್ (ಚಿತ್ರದಲ್ಲಿ ಮೂಡುವ ಕಾಳುಕಾಳಾದ ಚುಕ್ಕೆಗಳು) ಹೆಚ್ಚು ಕಾಣುವುದು ಮಾತ್ರ ತಪ್ಪದು. ಜೆಪೆಗ್‌ನಲ್ಲಿ ಅಷ್ಟೇ ಬೆಳಗಿಸಿ ನೋಡಿ: ಬಣ್ಣ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ, ಕುಗ್ಗಿಸುವಾಗ ಮಾಡಿಕೊಂಡ 8×8 ಪಿಕ್ಸೆಲ್‌ಗಳ ಚೌಕಗಳು ತಲೆಯೆತ್ತುತ್ತವೆ.

ವೈಟ್ ಬ್ಯಾಲೆನ್ಸ್ ರಾ ಕಡತದಲ್ಲಿ ಒಂದು ಸೂಚನೆ ಮಾತ್ರ. ಹಳದಿ ಬಲ್ಬಿನ ಬೆಳಕಿನಲ್ಲಿ ಹಗಲಿನ ಸೆಟ್ಟಿಂಗ್ ಇಟ್ಟು ತೆಗೆದಿದ್ದರೂ ಆಮೇಲೆ ಬದಲಿಸಬಹುದು, ನಷ್ಟವಿಲ್ಲ. ಜೆಪೆಗ್‌ನಲ್ಲಿ ಆ ಹಳದಿ ಪಿಕ್ಸೆಲ್‌ಗಳಿಗೇ ಇಳಿದುಬಿಟ್ಟಿರುತ್ತದೆ.

ಹಾಗೆಂದು ರಾ ಎಲ್ಲವನ್ನೂ ಕಾಯುವುದಿಲ್ಲ. ತಪ್ಪಿದ ಫೋಕಸ್, ಅಲುಗಾಡಿದ ಕೈ, ಮೂರೂ ಬಣ್ಣಗಳಲ್ಲಿ ಗರಿಷ್ಠ ಮುಟ್ಟಿದ ಆಕಾಶ, ಇವಕ್ಕೆ ಮದ್ದಿಲ್ಲ.

ಗಾತ್ರದ ವಿಷಯ ಚಿಕ್ಕದು. 24 ಮೆಗಾಪಿಕ್ಸೆಲ್, 14 ಬಿಟ್ ಎಂದರೆ ಕುಗ್ಗಿಸದಿದ್ದರೆ ಸುಮಾರು 42 ಎಂಬಿ. ಆದರೆ ಏನನ್ನೂ ಕಳೆದುಕೊಳ್ಳದೆ ಕುಗ್ಗಿಸಿದ ರಾ ಕೂಡ ಇದೆ. ನಿಮ್ಮ ಕ್ಯಾಮೆರಾದಲ್ಲಿದ್ದರೆ ಅದನ್ನೇ ಆರಿಸಿಕೊಳ್ಳಿ.

ಜೆಪೆಗ್ ಕೀಳೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೆಳಕು ಹದವಾಗಿದ್ದು, ಚಿತ್ರ ತಕ್ಷಣ ಕಳುಹಿಸಬೇಕಾದಲ್ಲಿ ಅದೇ ಸರಿ. ರಾಯಿಟರ್ಸ್ ಸುದ್ದಿಸಂಸ್ಥೆಯು 2015ರಲ್ಲಿ ತನ್ನ ಫ್ರೀಲಾನ್ಸ್ ಛಾಯಾಗ್ರಾಹಕರಿಗೆ ರಾ ಕಡತದಿಂದ ಸಿದ್ಧಪಡಿಸಿದ ಚಿತ್ರ ಬೇಡ, ಕ್ಯಾಮೆರಾದಲ್ಲೇ ಮೂಡಿದ ಜೆಪೆಗ್ ಕಳುಹಿಸಿ ಎಂದಿತ್ತು. ಕಾರಣ ವೇಗ ಮತ್ತು ನಂಬಿಕೆ.

ಇನ್ನೊಂದು ಎಚ್ಚರಿಕೆ. ರಾ ತೆಗೆಯುತ್ತಿದ್ದರೂ ಕ್ಯಾಮೆರಾದ ಪರದೆಯ ಹಿಸ್ಟೋಗ್ರಾಂ (ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಯಾವ ಮಟ್ಟ ಎಷ್ಟಿದೆ ಎಂದು ತೋರಿಸುವ ನಕ್ಷೆ) ಸಾಮಾನ್ಯವಾಗಿ ಜೆಪೆಗ್ ರೂಪದಿಂದ ಲೆಕ್ಕ ಹಾಕಿದ್ದು. ಆಕಾಶ ವಿವರವಿಲ್ಲದೆ ಬಿಳಿಯಾಗಿ ಸುಟ್ಟಿದೆ ಎಂದು ಅದು ತೋರಿಸಿದಾಗಲೂ ರಾ ಕಡತದಲ್ಲಿ ವಿವರ ಉಳಿದಿರಬಹುದು. ಜೆಪೆಗ್‌ನ ಬಣ್ಣ, ಕಾಂಟ್ರಾಸ್ಟ್ ನಿರ್ಧರಿಸುವ ಪಿಕ್ಚರ್ ಸ್ಟೈಲ್ ಸೆಟ್ಟಿಂಗನ್ನು ನ್ಯೂಟ್ರಲ್‌ಗೆ ಇಟ್ಟು ಕಾಂಟ್ರಾಸ್ಟ್ ತಗ್ಗಿಸಿದರೆ ಹಿಸ್ಟೋಗ್ರಾಂ ರಾ ಕಡತಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ.