ಲೂಪ್ ಮುಗಿದರೂ ಬಿಡದ ಆಂಪರ್ಸೆಂಡ್

ಪಿಎಚ್‌ಪಿ ಎಂಬ ವೆಬ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಬಿಲ್ಲಿಂಗ್ ಕೋಡ್ ಪರಿಶೀಲನೆಗೆ ಬಂದರೆ ನಾನು ಮೊದಲು ಹುಡುಕುವುದು ಪಟ್ಟಿಯ ಅಂಶಗಳನ್ನು ಒಂದೊಂದಾಗಿ ಕೈಗೆತ್ತಿಕೊಳ್ಳುವ ಫಾರ್‌ಈಚ್ ಲೂಪಿನ ಆವರಣದೊಳಗೆ ಕುಳಿತಿರುವ ಆಂಪರ್ಸೆಂಡ್ (&) ಚಿಹ್ನೆಯನ್ನು.

100, 200, 300 ರೂಪಾಯಿಗಳ ಒಂದು ಅರೇ (ಮೌಲ್ಯಗಳ ಪಟ್ಟಿ) ಇದೆ ಎನ್ನಿ. ಪ್ರತಿ ಬೆಲೆಗೂ ಶೇ 18ರ ಜಿಎಸ್‌ಟಿ ಸೇರಬೇಕು. ಸಾದಾ ಫಾರ್‌ಈಚ್‌ನಲ್ಲಿ ‘ಬೆಲೆ’ ಎಂಬ ವೇರಿಯಬಲ್ಲನ್ನು 1.18ರಿಂದ ಗುಣಿಸಿದರೆ ಅರೇ ಇದ್ದಂತೆಯೇ ಇರುತ್ತದೆ, ಗುಣಿಸಿದ್ದು ನಕಲನ್ನು. ಆಗ ಯಾರಾದರೂ ವೇರಿಯಬಲ್ಲಿನ ಹೆಸರಿಗೆ ಮೊದಲು ಆಂಪರ್ಸೆಂಡ್ ಹಾಕುವ ಉಪಾಯ ಹೇಳಿಕೊಡುತ್ತಾರೆ. ಪಿಎಚ್‌ಪಿ 5ರಲ್ಲಿ ಬಂದ ಸೌಲಭ್ಯವಿದು. ಹಾಕಿದರೆ ನಕಲಿನ ಬದಲು ಮೂಲವೇ ಬದಲಾಗಿ ಅರೇಯಲ್ಲಿ 118, 236, 354 ಸರಿಯಾಗಿ ಕೂರುತ್ತವೆ.

ಮುಂದಿನ ಸಾಲುಗಳಲ್ಲಿ ಅದೇ ‘ಬೆಲೆ’ ಹೆಸರಿನಿಂದ ಇನ್ನೊಂದು ಸಾದಾ ಲೂಪ್ ಬರೆದು ಮುದ್ರಿಸಿ ನೋಡಿ: 118, 236, 236. ಕೊನೆಯ ಗ್ರಾಹಕನಿಗೆ 118 ರೂಪಾಯಿ ಲಾಭ!

ಪಿಎಚ್‌ಪಿಯಲ್ಲಿ ಲೂಪಿಗೆ ತನ್ನದೇ ವ್ಯಾಪ್ತಿ ಇಲ್ಲ. ಮೊದಲ ಲೂಪ್ ಮುಗಿದ ಮೇಲೂ ‘ಬೆಲೆ’ ಮೂರನೆಯ ಸ್ಥಾನಕ್ಕೆ ರೆಫರೆನ್ಸ್ ಆಗಿ, ಅಂದರೆ ಅದೇ ಜಾಗದ ಇನ್ನೊಂದು ಹೆಸರಾಗಿ, ಅಂಟಿಕೊಂಡಿರುತ್ತದೆ. ಎರಡನೆಯ ಲೂಪ್ ಅದಕ್ಕೆ 118 ತುಂಬಿದಾಗ ಮೂರನೆಯ ಸ್ಥಾನ 118 ಆಗುತ್ತದೆ, 236 ತುಂಬಿದಾಗ 236. ಮೂರನೆಯ ಸುತ್ತು ಓದುವುದು ಹೀಗೆ ಕೆಟ್ಟ ಸಂಖ್ಯೆಯನ್ನೇ. ದೋಷದ ಸಂದೇಶ ಬರುವುದಿಲ್ಲ, ಎಚ್ಚರಿಕೆಯೂ ಇಲ್ಲ. ಪಿಎಚ್‌ಪಿ 7ರಲ್ಲಿ ಫಾರ್‌ಈಚ್‌ನ ಒಳಗಿನ ನಡವಳಿಕೆ ಸಾಕಷ್ಟು ಬದಲಾದರೂ ಇದು ಮಾತ್ರ ಹಾಗೆಯೇ ಉಳಿದಿದೆ. ಪರ್ಲ್‌ನ ಫಾರ್‌ಈಚ್ ಕೂಡ ಮೂಲ ಅಂಶವನ್ನೇ ಕೈಗೆ ಕೊಡುತ್ತದೆ, ಆದರೆ ಆ ನಂಟು ಲೂಪಿನೊಂದಿಗೇ ಕಳಚುತ್ತದೆ. ಈ ವಿಷಯದಲ್ಲಿ ಹಳೆಯ ಪರ್ಲ್ ಹೆಚ್ಚು ಸಭ್ಯ ಭಾಷೆ.

ಪರಿಹಾರ, ಲೂಪಿನ ಬೆನ್ನಿಗೇ ಅನ್‌ಸೆಟ್. ಅದು ಹೆಸರನ್ನು ಮಾತ್ರ ಬಿಡಿಸುತ್ತದೆ, ಅರೇಯನ್ನು ಮುಟ್ಟುವುದಿಲ್ಲ. ಅದರ ಬದಲು ‘ಬೆಲೆ’ಗೆ ನಲ್ (ಖಾಲಿ ಮೌಲ್ಯ) ಕೊಡುವವರಿದ್ದಾರೆ, ಕೊಟ್ಟರೆ ಕೊನೆಯ ಬೆಲೆಯೇ ನಲ್ ಆಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ಅನ್‌ಸೆಟ್ ಮಾಡದ ಅರೇಯನ್ನು ಬೇರೆ ಫಂಕ್ಷನ್ನಿಗೆ ಕಳುಹಿಸಿದಾಗ ಅದರ ನಕಲಿನಲ್ಲೂ ಕೊನೆಯ ಅಂಶ ರೆಫರೆನ್ಸ್ ಆಗಿಯೇ ಉಳಿಯುತ್ತದೆ. ಫಂಕ್ಷನ್ ಅದನ್ನು ಬದಲಿಸಿದರೆ ನಿಮ್ಮ ಮೂಲ ಅರೇಯೂ ಬದಲಾಗುತ್ತದೆ. ಅನುಮಾನ ಬಂದರೆ ಮೌಲ್ಯಗಳನ್ನು ಬಿಡಿಸಿ ತೋರಿಸುವ ವಾರ್‌ಡಂಪ್ ಮಾಡಿ: ರೆಫರೆನ್ಸ್ ಆಗಿರುವ ಅಂಶದ ಮೌಲ್ಯಕ್ಕೆ ಮೊದಲು ಆಂಪರ್ಸೆಂಡ್ ಕಾಣುತ್ತದೆ.

ನಾನು ಕೀ (ಅಂಶದ ಸ್ಥಾನದ ಗುರುತು) ಹಿಡಿದು ನೇರವಾಗಿ ಅರೇಗೇ ಬರೆಯುತ್ತೇನೆ, ಇಲ್ಲವೇ ಪ್ರತಿ ಅಂಶಕ್ಕೂ ಒಂದೇ ಲೆಕ್ಕ ಅನ್ವಯಿಸುವ ಅರೇಮ್ಯಾಪ್‌ನಿಂದ ಹೊಸ ಅರೇ ಪಡೆಯುತ್ತೇನೆ. ಅರೇಯೊಳಗೆ ಅರೇ ಇರುವಲ್ಲಿ ಆಂಪರ್ಸೆಂಡ್ ಓದಲು ಹಿತ ಎನ್ನುವ ವಾದವನ್ನು ಒಪ್ಪುತ್ತೇನೆ. ಆಗ ಆ ಲೂಪನ್ನು ಸಣ್ಣ ಫಂಕ್ಷನ್ನಿನೊಳಗೆ ಇಡಿ. ಫಂಕ್ಷನ್ ಮುಗಿದಾಗ ವೇರಿಯಬಲ್ಲೂ ತೊಲಗುತ್ತದೆ.