ಭ್ರಷ್ಟ ಪತ್ತೇದಾರನ ಕಥೆ ಎಲ್ಲಿಂದ ಆರಂಭವಾಗಬೇಕು?

ಚಿತ್ರಕಥೆಗಳನ್ನು ಓದಿ ತಿದ್ದುವ ನನ್ನ ಕೆಲಸದಲ್ಲಿ ಭ್ರಷ್ಟ ಪೊಲೀಸ್ ಪತ್ತೇದಾರನ ಕಥೆಗಳು ಆಗಾಗ ಕೈಗೆ ಬರುತ್ತವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಒಂದೇ ಜಾಗದಲ್ಲಿ ಎಡವುತ್ತವೆ. ಮೊದಲ ದೃಶ್ಯದಲ್ಲಿಯೇ ಆತ ನೋಟಿನ ಕಂತೆಯನ್ನು ಜೇಬಿಗಿಳಿಸುತ್ತಾನೆ. ಅಲ್ಲಿಂದ ಕೆಳಗಿಳಿಯಲು ಅವನಿಗೆ ಮೆಟ್ಟಿಲುಗಳೇ ಉಳಿದಿರುವುದಿಲ್ಲ. ಅವನು ಸಿಕ್ಕಿಬೀಳುವ ಗಳಿಗೆಗಾಗಿ ಕಾಯುವುದೊಂದೇ ಪ್ರೇಕ್ಷಕನ ಪಾಲಿನ ಕೆಲಸವಾಗುತ್ತದೆ.

ನ್ಯೂಯಾರ್ಕ್ ಪೊಲೀಸ್ ಇಲಾಖೆಯ ಭ್ರಷ್ಟಾಚಾರದ ವಿಚಾರಣೆಗಾಗಿ 1970ರಲ್ಲಿ ನೇಮಕವಾದ ನ್ಯಾಪ್ ಆಯೋಗವು 1972ರ ತನ್ನ ವರದಿಯಲ್ಲಿ ತಪ್ಪಿತಸ್ಥ ಪೊಲೀಸರನ್ನು ಎರಡು ಬಗೆಯಾಗಿ ವಿಂಗಡಿಸಿತ್ತು: ತಾನಾಗಿ ಬಂದದ್ದನ್ನು ಸ್ವೀಕರಿಸುವ ‘ಹುಲ್ಲು ಮೇಯುವವರು’ ಮತ್ತು ಅಧಿಕಾರ ಬಳಸಿ ಬೇಟೆಯಾಡುವ ‘ಮಾಂಸ ತಿನ್ನುವವರು’. ಸಮಸ್ಯೆಯ ಕೇಂದ್ರದಲ್ಲಿರುವವರು ಮೊದಲನೆಯವರು, ಏಕೆಂದರೆ ಅವರ ಸಂಖ್ಯೆಯೇ ಭ್ರಷ್ಟಾಚಾರಕ್ಕೆ ಮರ್ಯಾದೆ ತಂದುಕೊಡುತ್ತದೆ ಎಂದು ಆಯೋಗ ಹೇಳಿತ್ತು. ನಾನು ಬರಹಗಾರರಿಗೆ ಮತ್ತೆ ಮತ್ತೆ ತೋರಿಸುವುದು ಈ ಮಾತನ್ನೇ. ನಿಮ್ಮ ಪತ್ತೇದಾರ ಹುಲ್ಲು ಮೇಯುವವನಾಗಿಯೇ ತೆರೆಯ ಮೇಲೆ ಬರಲಿ. ಸಹೋದ್ಯೋಗಿಗಳೆಲ್ಲರೂ ಪಡೆಯುವ ಸಣ್ಣ ಸವಲತ್ತನ್ನು ತಾನೂ ಪಡೆಯುತ್ತಾ, ತನ್ನನ್ನು ಪ್ರಾಮಾಣಿಕನೆಂದೇ ನಂಬಿರಲಿ.

ಹಾಲಿವುಡ್‌ನಲ್ಲಿ 1934ರಿಂದ ಕಟ್ಟುನಿಟ್ಟಾಗಿ ಜಾರಿಯಾದ ನಿರ್ಮಾಣ ಸಂಹಿತೆಯ (ತೆರೆಯ ಮೇಲೆ ಏನನ್ನು ತೋರಿಸಬಹುದೆಂಬ ನಿಯಮಾವಳಿಯ) ಪ್ರಕಾರ ಕಥೆಯಲ್ಲಿ ಅಪರಾಧಕ್ಕೆ ಶಿಕ್ಷೆಯಾಗಲೇಬೇಕಿತ್ತು. 1968ರಲ್ಲಿ ಆ ಸಂಹಿತೆಯ ಜಾಗಕ್ಕೆ ವಯೋಮಾನದ ಶ್ರೇಣೀಕರಣ ಬಂದಾಗ, ತಪ್ಪಿತಸ್ಥ ಅಧಿಕಾರಿ ಪೊಲೀಸ್ ಬಿಲ್ಲೆ ಧರಿಸಿಕೊಂಡೇ ಹೊರನಡೆಯುವ ಅಂತ್ಯವೂ ಸಾಧ್ಯವಾಯಿತು. ನಿಯೋ ನಾಯರ್‌ಗೆ (ಕರಾಳ ಅಪರಾಧ ಚಿತ್ರಗಳ ಹೊಸ ಪರಂಪರೆಗೆ) ಈ ಸ್ವಾತಂತ್ರ್ಯ ದೊಡ್ಡದು, ಆದರೆ ಶಿಕ್ಷೆಯೇ ಖಚಿತವಲ್ಲದ ಕಥೆಯಲ್ಲಿ ಆತಂಕವನ್ನು ಬೇರೆಲ್ಲಿಂದಲೋ ಹುಟ್ಟಿಸಬೇಕಾಗುತ್ತದೆ. ಮಳೆಯಲ್ಲಿ ನೆನೆದ ರಸ್ತೆ, ಕಿಟಕಿಯ ಪಟ್ಟಿಗಳ ನೆರಳು ಇವೆಲ್ಲ ಛಾಯಾಗ್ರಾಹಕರ ಪಾಲಿನವು, ಅವು ಆ ಕೊರತೆಯನ್ನು ತುಂಬಲಾರವು.

ನನ್ನ ಅನುಭವದಲ್ಲಿ ಆ ಆತಂಕವನ್ನು ಅತ್ಯಂತ ಗಟ್ಟಿಯಾಗಿ ಹುಟ್ಟಿಸುವುದು, ತಾನೇ ಮಾಡಿದ ಅಪರಾಧದ ತನಿಖೆ ಅವನ ಕೈಗೇ ಬರುವ ಸನ್ನಿವೇಶ. ಸ್ಥಳದಲ್ಲಿ ಅವನ ಬೆರಳಚ್ಚು ಸಿಕ್ಕರೂ ತನಿಖೆಗೆ ಬಂದವನೆಂಬ ಕಾರಣ ಸಿದ್ಧವಿದೆ. ಸಾಕ್ಷಿಯ ಹೇಳಿಕೆಯನ್ನು ಬರೆದುಕೊಳ್ಳುವವನು ಅವನೇ ಆದ್ದರಿಂದ ಎತ್ತರ, ಮೈಕಟ್ಟು, ನಡಿಗೆ ಎಲ್ಲವೂ ತುಸುತುಸುವೇ ಬದಲಾಗಬಹುದು. ಇದಕ್ಕಾಗಿ ಅವನು ನಿಜಕ್ಕೂ ನಿಪುಣನಾಗಿರಲೇಬೇಕು. ದಡ್ಡ ಭ್ರಷ್ಟನ ಮೇಲೆ ಪ್ರೇಕ್ಷಕನಿಗೆ ಅಸಹ್ಯ ಮಾತ್ರ ಮೂಡುತ್ತದೆ; ನಿಪುಣನಾದರೆ, ಅವನು ತಪ್ಪಿಸಿಕೊಳ್ಳಲಿ ಎಂದು ತನ್ನೊಳಗೇ ಆಸೆ ಹುಟ್ಟಿದ್ದನ್ನು ಕಂಡು ಪ್ರೇಕ್ಷಕ ತನಗೇ ಹೆದರುತ್ತಾನೆ.

ಅವನನ್ನು ಬಯಲಿಗೆಳೆಯಲು ಗುಂಡಿನ ಕಾಳಗ ಬೇಕಿಲ್ಲ. ಜಪ್ತಿಯಾದ ವಸ್ತು ಯಾರ ಕೈಯಿಂದ ಯಾರ ಕೈಗೆ, ಎಷ್ಟು ಗಂಟೆಗೆ ಹೋಯಿತೆಂಬುದು ದಾಖಲೆಯಲ್ಲಿರುತ್ತದೆ. ಅವನಿಂದಲೇ ಕೆಲಸ ಕಲಿತ ಕಿರಿಯ ಅಧಿಕಾರಿಯೊಬ್ಬಳು ಆ ಪುಸ್ತಕವನ್ನು ತಂದು, ಸಮಯ ಹೊಂದಿಕೆಯಾಗದ ಒಂದು ಸಹಿಯ ಪಕ್ಕದಲ್ಲಿ ಬೆರಳಿಟ್ಟು ನಿಲ್ಲಲಿ. ಆ ದೃಶ್ಯಕ್ಕೆ ಬರೆದಿದ್ದ ಸಂಭಾಷಣೆಯನ್ನು ನಾನು ಬಹುತೇಕ ಪ್ರತಿಸಲವೂ ಪೂರ್ತಿಯಾಗಿ ತೆಗೆಸಿದ್ದೇನೆ.